ಕನ್ನಡಿ ಸಾಹೇಬರ ಚಾರ್ಟು

ಆ ತಂಡದಲ್ಲಿದ್ದವರು ಒಟ್ಟು ಐವತ್ತೆರಡು ಮಂದಿ. ತಮ್ಮ ದೇಶ ಬಿಟ್ಟು ಬಂದು ಇನ್ನೊಂದು ದೇಶದ ಸೈನ್ಯಕ್ಕೆ ತರಬೇತಿ ಕೊಡುತ್ತಿದ್ದ ಸಿಪಾಯಿಗಳು, ಅಧಿಕಾರಿಗಳು. ಅರ್ಧಕ್ಕರ್ಧ ಮಂದಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಊರೊಳಗೆ ಬಾಡಿಗೆ ಮನೆ ಹಿಡಿದಿದ್ದರು. ಇಷ್ಟೂ ಜನರ ಜೀವ ತಮ್ಮೊಬ್ಬರ ಕೈಯಲ್ಲೇ ಇದೆ ಎಂಬಂತೆ ಓಡಾಡುತ್ತಿದ್ದವರು ಕನ್ನಡಿ ಸಾಹೇಬರು. ಕಾಗದದ ಮೇಲೂ ಅದು ಸುಳ್ಳಲ್ಲ. ತಂಡದ ಭದ್ರತೆ ನೋಡಿಕೊಳ್ಳುವುದು ಅವರಿಗೆ ಒಪ್ಪಿಸಿದ್ದ ಕೆಲಸವೇ.

ಕನ್ನಡಿ ಸಾಹೇಬರು ಎನ್ನುವುದು ಹುಡುಗರು ಇಟ್ಟ ಹೆಸರು. ಸಾಹೇಬರ ಹತ್ತಿರ ಉದ್ದನೆಯ ಕೋಲೊಂದಿತ್ತು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಕನ್ನಡಿ. ದಿನಾ ಬೆಳಿಗ್ಗೆ ಕಾರು ಹತ್ತುವ ಮುಂಚೆ ಸೊಂಟ ಬಗ್ಗಿಸಿ ಅದನ್ನು ಕಾರಿನ ಅಡಿಗೆ ತೂರಿಸಿ, ಯಾರಾದರೂ ಏನಾದರೂ ಅಂಟಿಸಿ ಹೋಗಿದ್ದಾರೆಯೇ ಎಂದು ಸುತ್ತಲೂ ನೋಡುತ್ತಿದ್ದರು. ತಂಡದ ಮುಖ್ಯಸ್ಥರಾದ ಕರ್ನಲ್ ಸಾಹೇಬರ ಕಾರನ್ನೂ ಬಿಡುತ್ತಿರಲಿಲ್ಲ. ಮಗಳು ಹೊಸ ಸೈಕಲ್ ತಂದ ದಿನ ಅದರ ಅಡಿಗೂ ಕನ್ನಡಿ ಹಿಡಿದರು ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಸಾಹೇಬರು ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ವಾರಕ್ಕೊಮ್ಮೆ ಅವರ ಪಾಠ. ಎಲ್ಲರೂ ಕೂರಬೇಕು, ಹೆಂಡಂದಿರೂ ಬರಬೇಕು. ಹೊರಗೆ ಯೂನಿಫಾರಂ ಹಾಕಬೇಡಿ, ಶಿಬಿರಕ್ಕೆ ಹೋಗಿ ಬದಲಾಯಿಸಿ. ತರಿಸದೇ ಬಂದ ಪಾರ್ಸೆಲ್ ಮುಟ್ಟಬೇಡಿ. ಒಂದೇ ಗಾಡಿಯನ್ನು ಮೂರು ಸಲ ನೋಡಿದರೆ ನಂಬರ್ ಬರೆದುಕೊಳ್ಳಿ. ಊರಿನವರ ಜೊತೆ ಮಾತು ಹಿತಮಿತ. ಯಾರಾದರೂ ಒಳಗೆ ಬಾ ಎಂದು ಕರೆದರೆ ಹೋಗಬೇಡಿ. ನಿಮ್ಮ ಓಡಾಟ ಬೇರೆಯವರಿಗೆ ಗೊತ್ತಿದೆ ಎಂದು ಕಂಡರೆ ಅವತ್ತೇ ವರದಿ ಕೊಡಿ. ಪಾಠ ಕೇಳುವವರು ತಲೆ ಆಡಿಸುತ್ತಿದ್ದರು. ಸಾದಾ ಶರ್ಟು ಹಾಕಿಕೊಂಡು ಯಾರ ಕಣ್ಣಿಗೂ ಬೀಳಬಾರದು ಎಂದು ಉಪದೇಶ ಮಾಡುತ್ತಿದ್ದ ಸಾಹೇಬರ ತಲೆಗೂದಲ ಕಟಿಂಗು, ಮುಖ ಕಾಣುವಷ್ಟು ಪಾಲಿಶ್ ಹೊಡೆದ ಬೂಟು, ಎದೆ ಸೆಟೆಸಿ ನಡೆಯುವ ನಡಿಗೆ ನೋಡಿದರೆ ಎರಡು ಬೀದಿ ಆಚೆಯಿಂದಲೇ ಯಾರು ಏನು ಎಂದು ಗೊತ್ತಾಗುತ್ತಿತ್ತು. ಅದನ್ನು ಅವರಿಗೆ ಹೇಳುವ ಗುಂಡಿಗೆ ಯಾರಿಗೂ ಇರಲಿಲ್ಲ.

ನಗುವುದೇನೋ ಸರಿ, ಆದರೆ ಭಯ ಸುಳ್ಳಾಗಿರಲಿಲ್ಲ. ಆರು ತಿಂಗಳ ಹಿಂದೆ ಅದೇ ದೇಶದ ಇನ್ನೊಂದು ಊರಿನಲ್ಲಿ, ಇವರ ಹಾಗೆಯೇ ಹೊರಗಿನಿಂದ ಬಂದಿದ್ದ ಮೂವರು ಸೈನಿಕರ ಕಾರನ್ನು ಭಯೋತ್ಪಾದಕರು ಸಿಡಿಸಿದ್ದರು. ಮೂವರೂ ದಿನಾ ಬೆಳಿಗ್ಗೆ ಏಳಕ್ಕೆ ಅದೇ ಸೇತುವೆ ದಾಟುತ್ತಿದ್ದರಂತೆ. ಸುದ್ದಿ ಬಂದ ದಿನ ಸಾಹೇಬರು ಊಟ ಮಾಡಲಿಲ್ಲ. ಅವರ ಕಾರಿನಲ್ಲಿ ದಿನಾ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು ಹತ್ತು ವರ್ಷದ ಮಗಳು. ಅವಳನ್ನು ಶಾಲೆಗೆ ಬಿಟ್ಟು ಅವರು ಶಿಬಿರಕ್ಕೆ ಹೋಗಬೇಕಿತ್ತು.

ಆಮೇಲೆ ಹುಟ್ಟಿದ್ದು ಚಾರ್ಟು. ದಾರಿ ಬದಲಾಯಿಸಿ, ಹೊತ್ತು ಬದಲಾಯಿಸಿ ಎಂದು ಬಾಯಲ್ಲಿ ಹೇಳಿದರೆ ಯಾರೂ ಮಾಡುವುದಿಲ್ಲ, ಮನುಷ್ಯ ಎತ್ತಿನ ಹಾಗೆ ಕಂಡ ದಾರಿಗೇ ಕಾಲು ಹಾಕುತ್ತಾನೆ ಎಂದು ಸಾಹೇಬರಿಗೆ ಗೊತ್ತಿತ್ತು. ಎರಡು ಭಾನುವಾರ ಸ್ಕೇಲು, ಬಣ್ಣದ ಪೆನ್ಸಿಲು ಹಿಡಿದು ಕುಳಿತರು. ತಮ್ಮ ಮನೆಯಿಂದ ಹೊರಡಲು ನಾಲ್ಕು ದಾರಿ: ದೊಡ್ಡ ರಸ್ತೆ, ಮಾರ್ಕೆಟ್ ರಸ್ತೆ, ಆಸ್ಪತ್ರೆ ರಸ್ತೆ, ಹಿಂದಿನ ಗಲ್ಲಿ. ಹೊರಡುವ ಹೊತ್ತು ಮೂರು: ಆರೂ ನಲವತ್ತು, ಆರೂ ಐವತ್ತೈದು, ಏಳೂ ಹತ್ತು. ಒಟ್ಟು ಹನ್ನೆರಡು ಜೋಡಿ. ಹನ್ನೆರಡನ್ನೂ ಅದಲು ಬದಲು ಮಾಡಿ ಹನ್ನೆರಡು ಕೆಲಸದ ದಿನಗಳಿಗೆ ಹಂಚಿದರು. ಎರಡು ವಾರ ಮುಗಿದ ಮೇಲೆ ಮತ್ತೆ ಚಾರ್ಟಿನ ಮೊದಲನೆಯ ಮನೆಯಿಂದ, ಅಂದರೆ ಮೊದಲನೆಯ ಚೌಕದಿಂದ, ಶುರು. ಇದೇ ಲೆಕ್ಕದಲ್ಲಿ ಸಂಸಾರಕ್ಕೊಂದು ಚಾರ್ಟು ಮಾಡಿ, ಬೀರುವಿನೊಳಗಿಟ್ಟು ಬೀಗ ಹಾಕಿಕೊಳ್ಳಿ ಎಂದು ಹಂಚಿದರು. ಚಾರ್ಟಿನಲ್ಲಿ ಆರೂ ನಲವತ್ತು ಎಂದಿದ್ದರೆ ಆರೂ ನಲವತ್ತಕ್ಕೆ ಚಕ್ರ ಉರುಳಬೇಕು. ಆರೂ ನಲವತ್ತೊಂದಾದರೆ ಸಾಹೇಬರ ಫೋನು ಬರುತ್ತಿತ್ತು.

ಕರ್ನಲ್ ಸಾಹೇಬರು ಚಾರ್ಟು ನೋಡಿ ಮೆಚ್ಚಿ ಮೇಲಿನವರಿಗೆ ಕಳಿಸಿದರು. ಮೇಲಿನವರು ಶಹಬ್ಬಾಸ್ ಎಂದು ಪತ್ರ ಬರೆದರು. ಮುಂದಿನ ಬಡ್ತಿಯ ಪಟ್ಟಿಯಲ್ಲಿ ಸಾಹೇಬರ ಹೆಸರಿದೆ ಎಂಬ ಮಾತೂ ಬಂತು. ಪತ್ರವನ್ನು ಅವರು ಚಾರ್ಟಿನ ಜೊತೆಗೇ ಇಟ್ಟರು. ಬೀರು ತೆಗೆದಾಗಲೆಲ್ಲ ಎರಡನ್ನೂ ಒಮ್ಮೆ ನೋಡಿ ಬಾಗಿಲು ಹಾಕುತ್ತಿದ್ದರು. ಹಾಗೆ ಎಂಟು ಸುತ್ತು ಕಳೆದವು.

ಸಾಹೇಬರ ಮನೆಯ ಎದುರು, ಮೂಲೆಯಲ್ಲಿ, ಒಂದು ಇಸ್ತ್ರಿ ಅಂಗಡಿ. ಒಂದೇ ಕೋಣೆ, ಬೀದಿಗೆ ಬಾಯಿ ತೆರೆದ ದೊಡ್ಡ ಕಿಟಕಿ, ಕಿಟಕಿಗೆ ತಾಗಿಸಿ ಹಾಕಿದ ಉದ್ದನೆಯ ಟೇಬಲು, ಅದರ ಮೇಲೆ ನಾಲ್ಕು ಮಡಿಕೆಯ ಹಳೇ ಕಂಬಳಿ. ಟೇಬಲಿನ ಹಿಂದೆ ನಿಂತವರಿಗೆ ನೇರ ಎದುರಿಗೆ ಸಾಹೇಬರ ಗೇಟು ಕಾಣುತ್ತಿತ್ತು. ಸ್ವಲ್ಪ ಕತ್ತು ತಿರುಗಿಸಿದರೆ, ಅಂಗಡಿಯ ಪಕ್ಕದಲ್ಲೇ ಶುರುವಾಗಿ ಮನೆಗಳ ಬೆನ್ನ ಹಿಂದೆ ಹೋಗುವ ಗಲ್ಲಿ ಕೊನೆಯವರೆಗೂ ಕಾಣುತ್ತಿತ್ತು. ಅಂಗಡಿಯ ಒಡತಿ ಅರವತ್ತಕ್ಕೆ ಹತ್ತಿರವಾದ ಹೆಂಗಸು. ಗಂಡ ಇಲ್ಲ, ಮಕ್ಕಳಿಲ್ಲ, ಆ ಟೇಬಲೇ ಅವಳ ಬದುಕು. ಸಾಹೇಬರ ಮನೆಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಅಲ್ಲಿನ ಮಾತು ಇವರಿಗೂ ಬಾಯಿಗೆ ಹತ್ತಿತ್ತು. ಅಕ್ಕ ಸಾಹೇಬರನ್ನು ತಮ್ಮಾ ಎಂದೇ ಕರೆಯುತ್ತಿದ್ದಳು, ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ಹೋದ ವರ್ಷ ಸಾಹೇಬರ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆದಾಗ ಮಗಳು ಎರಡು ದಿನ ಆ ಅಂಗಡಿಯ ಹಿಂದಿನ ಕೋಣೆಯಲ್ಲೇ ಉಂಡು ಮಲಗಿ ಎದ್ದಿದ್ದಳು. ಊರಿನವರ ಜೊತೆ ಹಿತಮಿತ ಎನ್ನುವ ಪಾಠ ಆ ಎರಡು ದಿನ ರಜದಲ್ಲಿತ್ತು.

ಒಂದು ಶನಿವಾರ ಸಂಜೆ ಸಾಹೇಬರು ಬಟ್ಟೆ ತರಲು ಹೋದರು. ಅಕ್ಕನ ಮುಂದೆ ಬಟ್ಟೆಯ ರಾಶಿ ಕುತ್ತಿಗೆವರೆಗೆ ಬಂದಿತ್ತು.

"ನಿನ್ನ ಶರ್ಟು ಆಗಿದೆ ತಮ್ಮಾ. ಮಗೂ ಯೂನಿಫಾರಂ ಮಾತ್ರ ಸೋಮವಾರ ಬೆಳಿಗ್ಗೆ ಕೊಟ್ರೆ ಆಗುತ್ತಲ್ಲ?"

"ಬೆಳಿಗ್ಗೆ ಗಡಿಬಿಡಿ ಅಕ್ಕ. ಇವತ್ತೇ ಕೊಟ್ಟುಬಿಡಿ."

"ಎಂಥ ಗಡಿಬಿಡಿ? ಸೋಮವಾರ ನೀನು ಹೊರಡೋದು ಏಳೂ ಹತ್ತಕ್ಕೆ ತಾನೆ, ಹಿಂದಿನ ಗಲ್ಲೀಲಿ. ನಾನು ಆರಕ್ಕೇ ಬಾಗಿಲು ತೆಗೀತೀನಿ. ಮಂಗಳವಾರ ಆಗಿದ್ರೆ ಕಷ್ಟ ಆಗ್ತಿತ್ತು, ಅವತ್ತು ನಿಂದು ಆರೂ ನಲವತ್ತು."

ಬೀರುವಿನೊಳಗಿನ ಚಾರ್ಟು ಸಾಹೇಬರ ಕಣ್ಣ ಮುಂದೆ ಬಂತು. ಸೋಮವಾರ, ಏಳನೆಯ ಮನೆ: ಹಿಂದಿನ ಗಲ್ಲಿ, ಏಳೂ ಹತ್ತು. ಮಂಗಳವಾರ, ಎಂಟನೆಯ ಮನೆ: ಆರೂ ನಲವತ್ತು.

"ಯಾರು ಹೇಳಿದ್ರು ನಿಮಗೆ?"

"ಯಾರು ಹೇಳ್ಬೇಕು?" ಅಕ್ಕ ನಕ್ಕಳು. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬೀದಿಯ ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ಅದಿರಲಿ, ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು. ಒಂಚೂರು ಒಳಗೆ ಬಾ. ಬೀದೀಲಿ ನಿಂತು ಹೇಳೋದಲ್ಲ."

ಯಾರಾದರೂ ಒಳಗೆ ಬಾ ಎಂದು ಕರೆದರೆ ಹೋಗಬೇಡಿ. ಈ ಸಾಲನ್ನು ಬರೆದವರು ಸ್ವತಃ ಸಾಹೇಬರು. "ಹೊತ್ತಾಯ್ತು ಅಕ್ಕ, ಆಮೇಲೆ ನೋಡೋಣ" ಎಂದು ಶರ್ಟು ಎತ್ತಿಕೊಂಡು ಬೀದಿ ದಾಟಿದರು. ಬೆನ್ನ ಮೇಲೆ ಅವಳ ಕಣ್ಣಿದೆ ಎಂದು ಆ ಎರಡು ವರ್ಷದಲ್ಲಿ ಮೊದಲ ಸಲ ಅವರಿಗೆ ಅನ್ನಿಸಿತು.

ಮನೆಗೆ ಬಂದವರೇ ಬೀರು ತೆಗೆದು ನೋಡಿದರು. ಚಾರ್ಟು ಇಟ್ಟ ಹಾಗೇ ಇತ್ತು. ಹೆಂಡತಿಯನ್ನು ಕರೆದು ಕೂರಿಸಿ, ಹೊಸದಾಗಿ ಸೇರಿದ ಸಿಪಾಯಿಯನ್ನು ಕೇಳುವ ಹಾಗೆ ಕೇಳಿದರು.

"ಚಾರ್ಟಿನ ವಿಷಯ ನೀನು ಇಸ್ತ್ರಿ ಅಕ್ಕನಿಗೆ ಹೇಳಿದ್ಯಾ?"

"ಚಾರ್ಟ್ ಇರೋದು ಬೀರೂಲಿ, ಬೀಗದ ಕೈ ಇರೋದು ನಿಮ್ಮ ಜೇಬಲ್ಲಿ. ನಾನೇ ಅದನ್ನ ಕಣ್ಣಲ್ಲಿ ನೋಡಿಲ್ಲ. ಬೆಳಿಗ್ಗೆ ನೀವು ಶೂ ಹಾಕ್ಕೊಂಡ್ ಮೇಲೇ ನಂಗೆ ಗೊತ್ತಾಗೋದು, ಇವತ್ತು ಟಿಫನ್ ಡಬ್ಬಿ ಬೇಗ ಕಟ್ಬೇಕಿತ್ತು ಅಂತ."

"ಹಾಗಾದ್ರೆ ಅವಳಿಗೆ ಹೇಗೆ ಗೊತ್ತಾಯ್ತು?"

"ಅವರನ್ನೇ ಕೇಳ್ಬೇಕಿತ್ತು."

"ಕೇಳಿದೆ. ನಗ್ತಾಳೆ."

ಸಾಹೇಬರು ವರದಿಯ ಫಾರಂ ತೆಗೆದು ಊಟದ ಮೇಜಿನ ಮೇಲೆ ಹರಡಿದಾಗ ಹೆಂಡತಿಗೆ ವಿಷಯ ಹೊಳೆಯಿತು. "ರೀ, ಬೇಡ. ನಮ್ಮ ಮಗೂನ ಎರಡು ದಿನ ಮಡಿಲಲ್ಲಿ ಇಟ್ಕೊಂಡೋರು ಅವರು."

"ಅದೇ ಮಗು ಕಾರಲ್ಲಿ ನನ್ನ ಪಕ್ಕ ಕೂರೋದು" ಎಂದರು ಸಾಹೇಬರು.

ಬರೆಯುವಾಗ ಅವರ ಕೈ ಹಗುರವಾಗೇನೂ ಇರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಆದರೂ ಬರೆದರು. ನಿಯಮಕ್ಕೆ ಅಕ್ಕ ತಂಗಿ ಇರುವುದಿಲ್ಲ ಎಂದು ಅವರೇ ಎಷ್ಟೋ ಸಲ ಹುಡುಗರಿಗೆ ಹೇಳಿದ್ದರು. ಯಾರು ಎನ್ನುವ ಕಡೆ ಎದುರಿನ ಇಸ್ತ್ರಿ ಅಂಗಡಿಯವಳು ಎಂದೂ, ಯಾಕೆ ಅನುಮಾನ ಎನ್ನುವ ಕಡೆ ನನ್ನ ಮುಂದಿನ ಓಡಾಟದ ದಿನ, ದಾರಿ, ಹೊತ್ತು ಮೂರೂ ಗೊತ್ತಿದೆ, ನನ್ನನ್ನು ಒಳಗೆ ಕರೆದಳು ಎಂದೂ ತುಂಬಿ, ಅವತ್ತೇ ಹೋಗಿ ಶಿಬಿರದಲ್ಲಿ ಕೊಟ್ಟು ಬಂದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪೊಲೀಸರ ಜೀಪು ಬಂತು. ಸಾಹೇಬರು ಪರದೆಯ ಸಂದಿಯಿಂದ ನೋಡಿದರು. ಇಬ್ಬರು ಒಳಗೆ ಹೋದರು, ಇಬ್ಬರು ಕಿಟಕಿಯ ಹತ್ತಿರ ನಿಂತರು. ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಏನೋ ಕೇಳಿದಳು, ಅವರು ಜೀಪು ತೋರಿಸಿದರು. ಹತ್ತುವಾಗ ಒಮ್ಮೆ ಅಂಗಡಿಯ ಕಡೆ ತಿರುಗಿ ಮತ್ತೇನೋ ಹೇಳಿದಳು, ಯಾರೂ ಕಿವಿಗೊಡಲಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಇಷ್ಟು ವರ್ಷ ಅವಳ ಕೈಯಲ್ಲಿ ಬಟ್ಟೆ ಇಸ್ತ್ರಿ ಮಾಡಿಸಿಕೊಂಡವರು, ಜೀಪು ತಿರುವಿನಲ್ಲಿ ಮರೆಯಾಗುವ ಮುಂಚೆಯೇ ತಲೆಗೊಂದು ಮಾತಾಡಲು ಶುರುಮಾಡಿದ್ದರು.

ಸಾಹೇಬರ ಹೆಂಡತಿ ಚಪ್ಪಲಿ ಮೆಟ್ಟಿ ಬೀದಿ ದಾಟಿ ಹೋದಳು. ಐದು ನಿಮಿಷ ಬಿಟ್ಟು ಬಂದಳು.

"ಇಸ್ತ್ರಿ ಪೆಟ್ಟಿಗೆ ಉರೀತಾನೇ ಇತ್ತು. ಅದನ್ನ ಆರಿಸಿ ಬರ್ತೀನಿ ಅಂತ ಕೇಳ್ಕೋತಿದ್ದಿದ್ದು ಅವರು" ಎಂದಳು. "ಪ್ಲಗ್ ತೆಗೆದು ಬಂದೆ. ನಿಮ್ಮ ಮಗಳ ಯೂನಿಫಾರಂ ಅರ್ಧ ಆಗಿತ್ತು, ಹಾಗೇ ಎತ್ಕೊಂಡು ಬಂದೆ."

ಆಮೇಲೆ ಮಧ್ಯಾಹ್ನದವರೆಗೂ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಊಟಕ್ಕೆ ಕೂತಾಗ ಮಗಳು ಸಾರು ಕಲಸುತ್ತ ಕೇಳಿದಳು.

"ಅಪ್ಪ, ನಾಳೆ ಹಿಂದಿನ ಗಲ್ಲಿ ತಾನೆ? ನಾನು ಎಡಗಡೆ ಕೂತ್ಕೋತೀನಿ."

ಸಾಹೇಬರ ತುತ್ತು ಕೈಯಲ್ಲೇ ಉಳಿಯಿತು. "ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ. ಹಿಂದಿನ ಗಲ್ಲೀಲಿ ಒಂದು ಮನೆ ಮುಂದೆ ನಾಯಿಮರಿ ಇದೆ. ಅದನ್ನ ನೋಡ್ಬೇಕು ಅಂತ ಲೆಕ್ಕ ಇಟ್ಟಿದೀನಿ. ಒಂದ್ ಸೋಮವಾರ ಬಿಟ್ಟು ಒಂದ್ ಸೋಮವಾರ, ಅದಾದ್ಮೇಲೆ ಆ ಗುರುವಾರ, ಅದಾದ್ಮೇಲೆ ಮುಂದಿನ ಬುಧವಾರ. ಸೋಮವಾರ ಮಾತ್ರ ಲೇಟಾಗಿ ಹೋಗ್ತೀವಿ, ಆಗ ಮರಿ ಎದ್ದಿರುತ್ತೆ. ಗುರುವಾರ ಮಲಗಿರುತ್ತೆ."

"ಯಾವಾಗಿಂದ ಗೊತ್ತು ಇದು?"

"ತುಂಬ ದಿನದಿಂದ. ನಾಳೆ ಆದ್ಮೇಲೆ ಮಂಗಳವಾರ ಆಸ್ಪತ್ರೆ ರಸ್ತೆ, ಬೇಗ. ಬುಧವಾರ ದೊಡ್ಡ ರಸ್ತೆ. ಹೇಳ್ಲಾ ಎಲ್ಲಾನೂ?" ಮಗಳು ಮಗ್ಗಿ ಒಪ್ಪಿಸುವ ಹಾಗೆ ಹನ್ನೆರಡು ದಿನವನ್ನೂ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ. ಹೆಂಡತಿ ನೀರಿನ ಲೋಟವನ್ನು ಅವರ ತಟ್ಟೆಯ ಹತ್ತಿರಕ್ಕೆ ಸರಿಸಿದಳು.

ಸಾಹೇಬರು ಕೈ ತೊಳೆದು ಬೀರು ತೆಗೆದರು. ಚಾರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತರು. ನಾಲ್ಕು ಬಣ್ಣ, ಹನ್ನೆರಡು ಮನೆ, ಗೆರೆ ಒಂದೂ ಸೊಟ್ಟಗಿಲ್ಲ. ಸೇತುವೆಯ ಮೇಲೆ ಸತ್ತವರು ದಿನಾ ಒಂದೇ ಹೊತ್ತಿಗೆ ಹೋಗುತ್ತಿದ್ದರು. ತಾವು ಹದಿನಾಲ್ಕು ದಿನಕ್ಕೊಮ್ಮೆ ಒಂದೇ ಹೊತ್ತಿಗೆ ಹೋಗುತ್ತಿದ್ದೇವೆ, ಅದೂ ನಿಮಿಷ ತಪ್ಪದೆ. ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಒಂದು ದಿನ ನಿದ್ದೆ ಬಂದು, ಒಂದು ದಿನ ಮರೆತು, ಒಂದು ದಿನ ಬೇಜಾರಾಗಿ ತಪ್ಪು ಮಾಡುತ್ತಿದ್ದರು, ಆ ತಪ್ಪೇ ಅವರನ್ನು ಕಾಯುತ್ತಿತ್ತು. ಸೈನ್ಯದವರು ತಪ್ಪು ಮಾಡಲಿಲ್ಲ. ಬೀಗ ಹಾಕಿ ಕಾಪಾಡಿದ್ದ ಗುಟ್ಟನ್ನು ಎಂಟು ಸುತ್ತು ಬೀದಿಯಲ್ಲೇ ಕಾರಿನಿಂದ ಬರೆದು ತೋರಿಸಿದ್ದರು. ದಿನವಿಡೀ ಅದೇ ಕಿಟಕಿಯಲ್ಲಿ ನಿಲ್ಲುವ ಹೆಂಗಸಿಗೆ ಅದು ಗೊತ್ತಾಗದಿರಲು ಅವಳೇನು ಕುರುಡಿಯೇ? ಸಾಹೇಬರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಕ್ಕನಿಗೂ ಮಗಳಿಗೂ ಗೊತ್ತಾದದ್ದು ಇನ್ನು ಯಾರು ಯಾರಿಗೆ ಗೊತ್ತಾಗಿರಬಹುದು?

ಕರ್ನಲ್ ಸಾಹೇಬರು ಭಾನುವಾರದ ಮಧ್ಯಾಹ್ನ ಬನಿಯನ್ನಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಕನ್ನಡಿ ಸಾಹೇಬರು ನಿಂತಲ್ಲೇ ಎಲ್ಲ ಹೇಳಿದರು. ಕರ್ನಲ್ ನಲ್ಲಿ ನಿಲ್ಲಿಸಿದರು.

"ಆ ಚಾರ್ಟನ್ನ ಮೇಲಕ್ಕೆ ಕಳಿಸಿದ್ದು ನಾನು. ಸೈ ಹಾಕಿದ್ದೂ ನಾನೇ" ಎಂದರು. "ಸದ್ದಿಲ್ಲದೆ ಬದಲಾಯಿಸಿಬಿಡೋಣ. ಆ ಹೆಂಗಸನ್ನ ಎರಡು ದಿನ ವಿಚಾರಿಸಿ ಅವರೇ ಬಿಡ್ತಾರೆ. ಪಟ್ಟಿ ಬರೋ ಹೊತ್ತಲ್ಲಿ ಇದನ್ನೆಲ್ಲ ಬರೆದು ಕೊಟ್ರೆ ನಿಮ್ಮ ಹೆಸರು ಉಳಿಯುತ್ತಾ, ಯೋಚ್ನೆ ಮಾಡಿ."

"ಯೋಚ್ನೆ ಮಾಡೇ ಬಂದಿದೀನಿ ಸರ್. ನಾನು ಕೊಟ್ಟ ವರದೀಲಿ ತಪ್ಪು ಆಕೇದು ಅಂತ ಇದೆ. ತಪ್ಪು ನಂದು ಅಂತ ಬರೆಯೋವರೆಗೂ ಪೊಲೀಸರು ಆಕೇನ ಬಿಡೋಕೆ ಕಾರಣ ಇಲ್ಲ."

ಕರ್ನಲ್ ಕಾಗದ ತರಿಸಿದರು. ಸಾಹೇಬರು ವರಾಂಡದಲ್ಲೇ ಕೂತು ಎರಡನೆಯ ವರದಿ ಬರೆದರು. ಓಡಾಟದ ಗುಟ್ಟು ಸೋರಿದ್ದು ನಾನು ಮಾಡಿದ ಚಾರ್ಟಿನಿಂದ, ನಮ್ಮ ಓಡಾಟ ದಿನಾ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು, ಆ ಹೆಂಗಸಿನ ಮೇಲೆ ನನಗೆ ಅನುಮಾನವಿಲ್ಲ. ಮೂರು ಸಾಲು, ಕೆಳಗೆ ಸಹಿ. ಕರ್ನಲ್ ಅದನ್ನು ಓದಿ, ಮಡಿಸಿ, ಫೋನು ಎತ್ತಿದರು. ತಂಡದವರು ಯಾರೂ ಮುಂದಿನ ಆದೇಶದವರೆಗೆ ಮನೆ ಬಿಡಬಾರದು ಎಂಬ ಮಾತೂ ಅದೇ ಫೋನಿನಲ್ಲಿ ಹೋಯಿತು.

ಸಂಜೆ ಐದಕ್ಕೆ ಸಾಹೇಬರು ಕರ್ನಲ್ ಒಪ್ಪಿಗೆ ಪಡೆದು ಠಾಣೆಗೆ ಹೋದರು. ಅಕ್ಕ ಬೆಂಚಿನ ಮೇಲೆ ಕೂತಿದ್ದಳು, ಕೈ ಎರಡೂ ಮಡಿಲಲ್ಲಿ. ಸುಮ್ಮನೆ ಕೂತ ಆ ಕೈಗಳನ್ನು ಸಾಹೇಬರು ಎಂದೂ ನೋಡಿರಲಿಲ್ಲ.

"ಅಂಗಡಿ ಸುಟ್ಟು ಹೋಯ್ತಾ?" ಎಂದು ಕೇಳಿದಳು.

"ಇಲ್ಲ ಅಕ್ಕ. ನಮ್ಮವಳು ಹೋಗಿ ಪ್ಲಗ್ ತೆಗೆದ್ಲು."

ಅವಳು ಉಸಿರು ಬಿಟ್ಟು ಎದ್ದಳು. ಕಾರಿನಲ್ಲಿ ಹಿಂದೆ ಕೂತಳು. ಐವತ್ತು ಜನರ ಮುಂದೆ ಗಂಟೆಗಟ್ಟಲೆ ಮಾತಾಡುವ ಸಾಹೇಬರ ಬಾಯಿಗೆ ಅರ್ಧ ದಾರಿಯವರೆಗೂ ಒಂದು ವಾಕ್ಯ ಸಿಗಲಿಲ್ಲ.

"ವರದಿ ಕೊಟ್ಟಿದ್ದು ನಾನೇ ಅಕ್ಕ" ಎಂದರು ಕೊನೆಗೆ. "ತಪ್ಪಾಯ್ತು."

"ಗೊತ್ತು. ಅವರೇ ಓದಿ ಹೇಳಿದ್ರು. ಒಳಗೆ ಕರೆದಿದ್ದು ಯಾಕೆ ಅಂತ ಹತ್ತು ಸಲ ಕೇಳಿದ್ರು."

"ಯಾಕೆ ಕರೆದ್ರಿ?"

"ವ್ಯಾನಿನ ವಿಷಯ ಹೇಳೋಕೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ಹಿಂದಿನ ಗಲ್ಲೀಲಿ ಒಂದು ಬೂದು ಬಣ್ಣದ ವ್ಯಾನು ಬಂದು ನಿಲ್ಲುತ್ತೆ. ಕೊಳಾಯಿ ರಿಪೇರಿ ಅಂತ ಬರೆದಿದೆ. ಒಬ್ಬ ಒಳಗೇ ಕೂತಿರ್ತಾನೆ, ಇಳಿಯಲ್ಲ, ಯಾವ ಮನೆ ಕೊಳಾಯೀನೂ ರಿಪೇರಿ ಮಾಡಲ್ಲ. ನೀವು ಗಲ್ಲೀಲಿ ಹೋಗೋ ದಿನ ಮಾತ್ರ ಬರೋದು. ನೀವು ಹೋದ ಅರ್ಧ ಗಂಟೆಗೆ ಅದೂ ಹೋಗುತ್ತೆ. ಮೂರು ಸಲ ನೋಡಿದೆ. ಮೂರನೇ ಸಲ ನೋಡಿದ್ಮೇಲೆ ಹೇಳೋಣ ಅಂತ ಕರೆದೆ."

ಸಾಹೇಬರು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು.

"ಪೊಲೀಸರಿಗೆ ಹೇಳಿದ್ರಾ ಇದನ್ನ?"

"ಹೇಳಿದೆ. ಮಾತು ತಿರುಗಿಸ್ಬೇಡ ಅಂದ್ರು."

ಅವಳು ನೀವು ಎನ್ನುತ್ತಿದ್ದಾಳೆ ಎನ್ನುವುದು ಸಾಹೇಬರ ಕಿವಿಗೆ ಬಿದ್ದದ್ದು ಆಗ. ಆದರೆ ಅದನ್ನು ಯೋಚಿಸುವ ಹೊತ್ತು ಅದಾಗಿರಲಿಲ್ಲ. ಕಾರಿನಲ್ಲೇ ಕೂತು ಕರ್ನಲ್‌ಗೆ ಫೋನು ಮಾಡಿದರು.

ಸೋಮವಾರ ಬೆಳಿಗ್ಗೆ ಸಾಹೇಬರ ಗೇಟು ತೆಗೆಯಲಿಲ್ಲ. ಗಲ್ಲಿಯ ಮನೆಗಳವರನ್ನೆಲ್ಲ ಹಿಂದಿನ ಸಂಜೆಯೇ ಬೇರೆ ಕಡೆಗೆ ಸಾಗಿಸಿದ್ದರು. ನಾಯಿಮರಿ ಕೂಡ ಒಂದು ಚೀಲದಲ್ಲಿ ಕೂತು ಹೋಗಿತ್ತು. ಸಾಹೇಬರು, ಹೆಂಡತಿ, ಮಗಳು ಮೂವರೂ ಶಿಬಿರದ ಒಂದು ಕೋಣೆಯಲ್ಲಿದ್ದರು. ಗೋಡೆಯ ಮೇಲೆ ಗಡಿಯಾರವಿತ್ತು. ಏಳು ಗಂಟೆಯಿಂದ ಅವರು ಅದನ್ನೇ ನೋಡುತ್ತಿದ್ದರು. ಏಳೂ ಹತ್ತಾಯಿತು. ಏನೂ ಆಗಲಿಲ್ಲ. ಮಗಳು ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು, ಇಸ್ತ್ರಿ ಅರ್ಧಂಬರ್ಧ ಆದ ಯೂನಿಫಾರಂನಲ್ಲಿ.

ಎಂಟೂವರೆಗೆ ಕರ್ನಲ್ ಬಂದರು. ಆರೂ ಕಾಲಿಗೆ ವ್ಯಾನು ಬಂದಿತ್ತು. ಅದರಲ್ಲಿದ್ದವನನ್ನು ಬಾಗಿಲು ತೆಗೆಯುವ ಮೊದಲೇ ಪೊಲೀಸರು ಹಿಡಿದಿದ್ದರು. ಹಿಂದಿನ ಮೂರು ಸಲ ಅವನು ಖಾಲಿ ವ್ಯಾನಿನಲ್ಲಿ ಬಂದು ಹೊತ್ತು ಗುರುತು ಹಾಕಿಕೊಂಡು ಹೋಗಿದ್ದನಂತೆ. ಈ ಸಲ ವ್ಯಾನು ಖಾಲಿಯಾಗಿರಲಿಲ್ಲ. ಅದರಲ್ಲಿ ಏನಿತ್ತು, ಎಷ್ಟಿತ್ತು ಎಂದು ಕರ್ನಲ್ ಮೆಲ್ಲಗೆ ಹೇಳಿದರು. ಸಾಹೇಬರಿಗೆ ಆ ತೂಕದ ಅರ್ಥ ಗೊತ್ತಿತ್ತು. ಅವರು ಹೋಗಿ ಮಗಳ ಪಕ್ಕ ನೆಲದ ಮೇಲೆ ಕೂತರು. ಅವಳು ಒಂದು ಬಣ್ಣದ ಪೆನ್ಸಿಲು ಅವರ ಕೈಗೆ ಕೊಟ್ಟು, ಆಕಾಶ ನೀನು ಮಾಡು ಎಂದಳು. ಅವರು ಮಾಡಿದರು. ಹೆಂಡತಿ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಚಾರ್ಟುಗಳನ್ನೆಲ್ಲ ವಾಪಸು ತರಿಸಿ ಸುಟ್ಟರು. ಬಡ್ತಿಯ ಪಟ್ಟಿ ಬಂತು, ಅದರಲ್ಲಿ ಸಾಹೇಬರ ಹೆಸರಿರಲಿಲ್ಲ. ಅದಕ್ಕೆ ಅವರು ಬೇಸರ ಮಾಡಿಕೊಂಡಿದ್ದು ಒಂದು ದಿನ ಮಾತ್ರ. ಅವರ ತಲೆಯನ್ನು ಕೊರೆಯುತ್ತಿದ್ದುದು ಅಕ್ಕ ಕಾರಿನಲ್ಲಿ ಆಡಿದ ನೀವು ಎನ್ನುವ ಮಾತು.

ವಾರದ ನಂತರ ಮನೆಗೆ ಮರಳಿದ ದಿನವೇ ಸಾಹೇಬರು ಹೆಂಡತಿ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದರು. ಹತ್ತಿರ ಹೋದ ಮೇಲೆ ಏನೋ ಬದಲಾಗಿದೆ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಟೇಬಲು ಕಿಟಕಿಯ ಹತ್ತಿರ ಇರಲಿಲ್ಲ. ಅದನ್ನು ಎಳೆದು ಹಿಂದಿನ ಗೋಡೆಗೆ ಒತ್ತಿಸಿ ಹಾಕಿದ್ದಳು. ಅಕ್ಕ ಬೀದಿಗೆ ಬೆನ್ನು ಮಾಡಿ ನಿಂತು ಇಸ್ತ್ರಿ ಮಾಡುತ್ತಿದ್ದಳು. ಅಲ್ಲಿ ಬೆಳಕು ಸಾಲದೆ ಹಗಲಲ್ಲೇ ಬಲ್ಬು ಹಾಕಿಕೊಂಡಿದ್ದಳು.

ಹೆಂಡತಿ ಅವಳ ಕೈ ಹಿಡಿದುಕೊಂಡು ಅತ್ತಳು. ಅಕ್ಕ ಅವಳ ಬೆನ್ನು ಸವರಿದಳು, ಮಗಳ ಕೆನ್ನೆ ಚಿವುಟಿದಳು. ಅವರಿಬ್ಬರಿಗೂ ಅವಳು ಮೊದಲಿನ ಅಕ್ಕನೇ ಆಗಿದ್ದಳು. ಸಾಹೇಬರು ಹೇಳಬೇಕಾದದ್ದನ್ನೆಲ್ಲ ಹೇಳಿದರು. ನಮ್ಮ ಜೀವ ನಿಮ್ಮಿಂದ ಉಳಿಯಿತು ಎಂದರು, ನನ್ನನ್ನು ಕ್ಷಮಿಸಿ ಎಂದರು. ಅವಳು ತಲೆ ಆಡಿಸುತ್ತ ಕೇಳಿದಳು.

"ಆಯ್ತು ಬಿಡಿ ಸಾಹೇಬ್ರೇ. ನಿಮಗೂ ಮಗಳ ಚಿಂತೆ. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ."

"ಟೇಬಲ್ ಯಾಕೆ ತಿರುಗಿಸಿದ್ರಿ ಅಕ್ಕ? ಕತ್ತಲಲ್ಲಿ ಕಣ್ಣು ಹಾಳಾಗುತ್ತೆ. ನಾನು ಎತ್ತಿ ಕಿಟಕಿ ಹತ್ರ ಇಡ್ಲಾ?"

"ಬೇಡ." ಅವಳು ಮಗಳ ಯೂನಿಫಾರಂ ಮಡಿಸಿ, ಮೂಲೆ ಸರಿಮಾಡಿ ಕೊಟ್ಟಳು. "ಮೂವತ್ತು ವರ್ಷ ಆ ಕಿಟಕೀಲಿ ನಿಂತಿದೀನಿ. ಯಾರ ಮಗು ಎಷ್ಟು ಹೊತ್ತಿಗೆ ಶಾಲೆಗೆ ಹೋಯ್ತು, ಯಾರ ಮನೇಲಿ ದೀಪ ಹಚ್ಚಿಲ್ಲ, ಎಲ್ಲಾ ಕಾಣ್ತಿತ್ತು. ನೋಡೋದು ತಪ್ಪು ಅಂತ ನಂಗೆ ಗೊತ್ತಿರ್ಲಿಲ್ಲ. ಠಾಣೇಲಿ ಅವರು ಇನ್ನೊಂದು ಪ್ರಶ್ನೇನೂ ಕೇಳಿದ್ರು, ನೀನ್ಯಾಕೆ ನೋಡ್ತಿದ್ದೆ ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ ಯಾರಾದ್ರೂ ಕೇಳಿದ್ರೆ, ನಾನು ನೋಡಿಲ್ಲ ಅಂತ ಹೇಳ್ಬಹುದು."

ಸಾಹೇಬರು ಮತ್ತೆ ಮತ್ತೆ ಹೋಗಿ ಕೇಳಿದರು. ಅವಳು ಪ್ರತಿ ಸಲವೂ ಬಿಡಿ ಸಾಹೇಬ್ರೇ ಎಂದಳು. ತಮ್ಮಾ ಎನ್ನುವ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ.

ಅದಾದ ಮೇಲಿನ ಪಾಠಕ್ಕೆ ಸಾಹೇಬರು ಕನ್ನಡಿಯ ಕೋಲು ತಂದಿರಲಿಲ್ಲ. "ನಿಮ್ಮ ನಿಮ್ಮ ಬೀದೀಲಿ ನಿಮ್ಮನ್ನ ದಿನಾ ನೋಡೋರು ಯಾರ್ಯಾರು ಇದಾರೆ ಹೇಳಿ" ಎಂದು ಕೇಳಿದರು. ಒಬ್ಬೊಬ್ಬರೇ ಹೇಳಿದರು. ಹಾಲು ಹಾಕುವವನು, ಎದುರುಮನೆಯ ಮುದುಕ, ಹೂವಿನ ಅಂಗಡಿಯವಳು. "ಅವರ ಹತ್ರ ನಿಂತು ಮಾತಾಡಿದೀರಾ?" ಎಂದರು. ಒಂದು ಕೈಯೂ ಮೇಲೇಳಲಿಲ್ಲ. ಸಾಹೇಬರು ಬೋರ್ಡಿನ ಮೇಲಿದ್ದ ಹಿತಮಿತದ ಸಾಲನ್ನು ತಾವೇ ಒರೆಸಿದರು.

ಈಗ ಅವರಿಗೆ ಚಾರ್ಟಿಲ್ಲ. ಬೆಳಿಗ್ಗೆ ಎದ್ದ ಮೇಲೆ, ಮಗಳು ಹಲ್ಲುಜ್ಜಿ ಬಂದ ಮೇಲೆ, ಮನಸ್ಸಿಗೆ ಬಂದ ಹೊತ್ತಿಗೆ, ಮನಸ್ಸಿಗೆ ಬಂದ ದಾರಿಯಲ್ಲಿ ಹೊರಡುತ್ತಾರೆ. ಗೇಟು ತೆಗೆಯುವಾಗ ಒಮ್ಮೆ ಎದುರಿಗೆ ನೋಡುತ್ತಾರೆ. ಕಿಟಕಿ ತೆರೆದಿರುತ್ತದೆ, ಬಲ್ಬು ಉರಿಯುತ್ತಿರುತ್ತದೆ, ಅಕ್ಕನ ಬೆನ್ನು ಕಾಣುತ್ತದೆ. ಇಂಜಿನ್ ಸದ್ದಿಗೆ ಆ ಬೆನ್ನು ಒಂದಿಷ್ಟಾದರೂ ತಿರುಗೀತೇ ಎಂದು ಅವರು ಒಂದು ಕ್ಷಣ ಕಾಯುತ್ತಾರೆ, ಆಮೇಲೆ ಗೇರು ಹಾಕುತ್ತಾರೆ. ಕನ್ನಡಿ ಸಾಹೇಬರು ಯಾವಾಗ ಹೊರಟರು, ಯಾವ ದಾರಿಯಲ್ಲಿ ಹೋದರು ಎಂದು ಈಗ ಆ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅವರು ಮೊದಲಿನಿಂದ ಬಯಸಿದ್ದೂ ಅದನ್ನೇ.